ತಂಗಡಿ ಹೂವಿನ ಪ್ಲೇಟ್ ಫೋಟೋ ಹಾಕಿದವರಿಗೆ: ಹೂ ಹಾಕದ ಸಾರವನ್ನೂ ಒಮ್ಮೆ ಇಟ್ಟು ನೋಡಿ

ನಿನ್ನೆ ರಾತ್ರಿ ಹಾಕಿದ ಫೋಟೋ ನೋಡಿದೆ. ಚಿತ್ರದುರ್ಗದ ತಂಗಡಿ ಹೂ, ಮೆಥನಾಲ್‌ನಲ್ಲಿ ಇಳಿಸಿದ ಸಾರ, ಸ್ಟ್ಯಾಫ್ ಬ್ಯಾಕ್ಟೀರಿಯಾ ಮೇಲೆ 22 ಮಿ.ಮೀ. ಝೋನ್ (ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ), ಪಕ್ಕದಲ್ಲಿ ಜೆಂಟಾಮೈಸಿನ್ ಆ್ಯಂಟಿಬಯೋಟಿಕ್ ಡಿಸ್ಕಿನದು 20. ಕೆಳಗೆ "ನಮ್ಮೂರಿನ ಗಿಡ ಆ್ಯಂಟಿಬಯೋಟಿಕ್ಕನ್ನೇ ಸೋಲಿಸಿತು" ಅಂತ ಬರೆದಿದ್ದೀರಿ. ಶಹಬ್ಬಾಸ್ ಹೇಳುವವರೆಲ್ಲ ಹೇಳಿ ಆಯಿತು, ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡ್ಕೋಬೇಡಿ. ಸಾಲ್ವೆಂಟ್ ಕಂಟ್ರೋಲ್, ಅಂದರೆ ಗಿಡದ ಅಂಶವಿಲ್ಲದ ಬರೀ ದ್ರಾವಕ, ಎಲ್ಲಿ? ಅಗರ್ ಒಳಗೆ ಕೊರೆದ ನಾಲ್ಕು ವೆಲ್ (ಗುಳಿ) ಕಾಣಿಸುತ್ತಿವೆ, ನಾಲ್ಕರಲ್ಲೂ ಸಾರವೇ ಇದೆ. ನಾವೂ ಒಂದು ಕಾಲಕ್ಕೆ ಇಂಥದ್ದೇ ಪ್ಲೇಟ್ ಹಿಡಿದು ಕುಣಿದವರು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಂಟ್ರೋಲ್ ಅಂದ ತಕ್ಷಣ ಎಲ್ಲರೂ ಬಾಟಲಿಯಿಂದ ಡಿಎಂಎಸ್‌ಒ (ಒಣಗಿದ ಸಾರವನ್ನು ಕರಗಿಸುವ ದ್ರಾವಕ) ತೆಗೆದು ಒಂದು ವೆಲ್‌ಗೆ ಬಿಟ್ಟು ಮುಗಿಸುತ್ತಾರೆ. ಅದು ಅರ್ಧ ಕಂಟ್ರೋಲ್ ಅಷ್ಟೇ. ನಾನು ಮಾಡುವುದು ಬೇರೆ. ಹೂವಿನ ಪುಡಿ ಹಾಕದೆ ಖಾಲಿ ಥಿಂಬಲ್ (ಪುಡಿ ತುಂಬುವ ಕಾಗದದ ಕೊಳವೆ) ಇಟ್ಟು, ಅಷ್ಟೇ ಮೆಥನಾಲ್ ಹಾಕಿ, ಅಷ್ಟೇ ಹೊತ್ತು ಸಾಕ್ಸ್‌ಲೆಟ್ (ದ್ರಾವಕವನ್ನು ಕುದಿಸಿ ಪುಡಿಯ ಮೇಲೆ ಮತ್ತೆ ಮತ್ತೆ ಹರಿಸಿ ಸಾರ ಇಳಿಸುವ ಗಾಜಿನ ಉಪಕರಣ) ಓಡಿಸುತ್ತೇನೆ. ಅದೇ ರೋಟರಿಯಲ್ಲಿ (ದ್ರಾವಕವನ್ನು ಆವಿ ಮಾಡಿ ತೆಗೆಯುವ ಯಂತ್ರ) ಇಳಿಸಿ, ಅದೇ ಬಟ್ಟಲಲ್ಲಿ ಒಣಗಿಸಿ, ತಳದಲ್ಲಿ ಏನೂ ಕಾಣದಿದ್ದರೂ ಅಷ್ಟೇ ಡಿಎಂಎಸ್‌ಒ ಹಾಕಿ ತಿಕ್ಕಿ ತೆಗೆಯುತ್ತೇನೆ. ನಮ್ಮ ಲ್ಯಾಬಲ್ಲಿ ಇದನ್ನು 'ಖಾಲಿ ಸಾರ' ಅನ್ನುತ್ತೇವೆ. ಒಂದು ದಿನ ದಂಡ ಅಂತ ಹುಡುಗರು ಗೊಣಗುತ್ತಾರೆ, ಗೊಣಗಲಿ. ಥಿಂಬಲ್‌ನಿಂದ ಬಂದದ್ದು, ಜಾಯಿಂಟಿನ ಗ್ರೀಸು, ಪ್ಲಾಸ್ಟಿಕ್ ಪೈಪು, ಮುಚ್ಚಳ, ಹಿಂದಿನವರು ಸರಿಯಾಗಿ ತೊಳೆಯದೆ ಬಿಟ್ಟ ಫ್ಲಾಸ್ಕಿನ ಅಂಟು, ಎಲ್ಲದರ ಬಣ್ಣ ಅಲ್ಲೇ ಬಯಲಾಗುತ್ತದೆ. ಗಿಡದ ಜಿಸಿ-ಎಂಎಸ್ (ಸಾರದಲ್ಲಿ ಯಾವ ಯಾವ ರಾಸಾಯನಿಕ ಇದೆ ಅಂತ ಹೇಳುವ ಯಂತ್ರ) ವರದಿಗಳಲ್ಲಿ ಥ್ಯಾಲೇಟ್‌ಗಳು ಎಷ್ಟು ಸಲ ಬರುತ್ತವೆ ನೋಡಿ. ಅವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಹಾಕುವ ರಾಸಾಯನಿಕ. ಸಾಲ್ವೆಂಟ್ ಪ್ಲಾಸ್ಟಿಕ್ ಮುಟ್ಟಿದರೆ ಸಾಕು, ಇಳಿದು ಬರುತ್ತವೆ. ಅದನ್ನೇ "ಗಿಡದ ಔಷಧೀಯ ಅಂಶ" ಅಂತ ಟೇಬಲ್‌ಗೆ ಹಾಕಿದ ಪೇಪರ್‌ಗಳಿವೆ. ಖಾಲಿ ಸಾರವನ್ನೂ ಜಿಸಿ-ಎಂಎಸ್‌ಗೆ ಕಳಿಸಿದರೆ ಗೊತ್ತಾಗುತ್ತದೆ, ಆದರೆ ಎರಡು ಸ್ಯಾಂಪಲ್‌ಗೆ ದುಡ್ಡು ಕೊಡಲು ಯಾರಿಗೂ ಮನಸ್ಸಿಲ್ಲ.

ಇನ್ನು ಒಣಗಿಸುವುದು. ಫೋಟೋದಲ್ಲಿ ಸಾರ ಬೆಲ್ಲದ ಪಾಕದ ತರ ಹೊಳೆಯುತ್ತಿದೆ. ಅದರಲ್ಲಿ ಮೆಥನಾಲ್ ಇನ್ನೂ ಇದೆ ಅಂತ ನನ್ನ ಗುಮಾನಿ, ಉಳಿದ ಮೆಥನಾಲೇ ಬ್ಯಾಕ್ಟೀರಿಯಾ ಕೊಂದು ಝೋನ್ ಕೊಡಬಹುದು. ಮೆಥನಾಲ್ 65 ಡಿಗ್ರಿಗೆ ಕುದಿಯುತ್ತದೆ ನಿಜ, ಆದರೆ ಅಂಟು ಸಾರದೊಳಗೆ ಸಿಕ್ಕಿಕೊಂಡದ್ದು ಅಷ್ಟು ಸುಲಭಕ್ಕೆ ಹೊರಗೆ ಬರಲ್ಲ. ವಾಟರ್ ಬಾತ್ 40 ಡಿಗ್ರಿ ದಾಟಿಸಬೇಡಿ, ವ್ಯಾಕ್ಯೂಮ್ ಜಾಸ್ತಿ ಮಾಡಿ. ಆಮೇಲೆ ಡೆಸಿಕೇಟರ್‌ನಲ್ಲಿ (ತೇವ ಹೀರುವ ಮುಚ್ಚಿದ ಗಾಜಿನ ಪಾತ್ರೆ) ಇಟ್ಟು ತೂಕ ನೋಡುತ್ತಾ ಹೋಗಿ. ತೂಕ ಇಳಿಯುವುದು ನಿಲ್ಲುವ ತನಕ ಅದು ಒಣಗಿಲ್ಲ. ಮೂಗಿನಿಂದ ಮೂಸಿ ತೀರ್ಮಾನ ಮಾಡುವುದು ಬಿಡಿ, ಅದು ಮೆಥನಾಲ್ ಮಾರಾಯ್ರೇ! ಮಳೆಗಾಲದಲ್ಲಿ ಸಾರ ಗಾಳಿಯ ತೇವ ಕುಡಿಯುತ್ತದೆ, ಬೇಗ ತೂಗಿ ಬೇಗ ಮುಚ್ಚಿ.

ಆ್ಯಂಟಿಬಯೋಟಿಕ್ ಸೋತ ವಿಷಯಕ್ಕೆ ಬರೋಣ. ನೀವೇ ಬರೆದಂತೆ ಸಾರ ಮಿ.ಲೀ.ಗೆ 100 ಮಿ.ಗ್ರಾಂ., ವೆಲ್‌ಗೆ 100 ಮೈಕ್ರೋಲೀಟರ್. ಅಂದರೆ ಒಂದು ವೆಲ್‌ನಲ್ಲಿ 10 ಮಿ.ಗ್ರಾಂ. ಸಾರ. ಜೆಂಟಾಮೈಸಿನ್ ಡಿಸ್ಕಿನಲ್ಲಿ ಇರುವುದು 10 ಮೈಕ್ರೋಗ್ರಾಂ. ಸಾವಿರ ಪಟ್ಟು ಜಾಸ್ತಿ ಹಾಕಿ 2 ಮಿ.ಮೀ. ಗೆದ್ದಿದ್ದೀರಿ. ಡಿಸ್ಕ್ ಇಟ್ಟಿರುವುದು ಪ್ಲೇಟ್ ಸರಿ ಇದೆಯೋ ಇಲ್ಲವೋ ಅಂತ ನೋಡಲು, ಕುಸ್ತಿ ಆಡಿಸಲು ಅಲ್ಲ. ಎಲ್ಲಾ ಲ್ಯಾಬ್‌ಗಳೂ ಹೋಲಿಕೆಗೆ ಇಟ್ಟುಕೊಳ್ಳುವ ಎಟಿಸಿಸಿ 25923 ತಳಿಯ ಸ್ಟ್ಯಾಫ್ ಆದರೆ ಆ ಡಿಸ್ಕ್ 19ರಿಂದ 27 ಮಿ.ಮೀ. ಒಳಗೆ ಬರಬೇಕು, ನಿಮ್ಮದು ಬಂದಿದೆ. ಆ ಮಟ್ಟಿಗೆ ಪ್ಲೇಟ್ ಚೆನ್ನಾಗಿಯೇ ಹಾಕಿದ್ದೀರಿ. ಅಗರ್ 4 ಮಿ.ಮೀ. ದಪ್ಪ, ಬ್ಯಾಕ್ಟೀರಿಯಾ ದ್ರಾವಣದ ಕಲಕು 0.5 ಮ್ಯಾಕ್‌ಫಾರ್ಲೆಂಡ್ (ಕಲಕಿನ ಅಳತೆ), ಇಷ್ಟನ್ನು ಮಾತ್ರ ಪ್ರತಿ ಸಲ ನೋಡಿಕೊಳ್ಳಿ. ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾಗೆ ಹೈಮೀಡಿಯಾ ಕಂಪನಿಯದ್ದು ಧಾರಾಳ ಸಾಕು. ಫಿಲ್ಟರ್ ಪೇಪರ್ ಮಾತ್ರ ವಾಟ್‌ಮನ್ ಬಿಟ್ಟು ಬೇರೆ ನಾನು ಮುಟ್ಟಲ್ಲ, ಅದು ನನ್ನ ಹಟ ಅನ್ಕೊಳ್ಳಿ.

ಝೋನ್ ದೊಡ್ಡದಿದ್ದರೆ ಔಷಧ ಜೋರು ಅಂತಲೂ ಅಲ್ಲ. ಅಗರ್‌ನಲ್ಲಿ ಚೆನ್ನಾಗಿ ಹರಡುವ ವಸ್ತು ದೊಡ್ಡ ಝೋನ್ ಕೊಡುತ್ತದೆ. ಎಣ್ಣೆಯಂಥ ಅಂಶ ಎಷ್ಟೇ ಗಟ್ಟಿಗನಾದರೂ ವೆಲ್ ಬಿಟ್ಟು ಕದಲಲ್ಲ. ಹಾಗಾಗಿ ಎಂಐಸಿ (ಬೆಳವಣಿಗೆ ನಿಲ್ಲಿಸಲು ಬೇಕಾದ ಅತಿ ಕಡಿಮೆ ಪ್ರಮಾಣ) ಮಾಡಿ, 96 ವೆಲ್ ಪ್ಲೇಟಲ್ಲಿ. ಹಸಿರು ಸಾರದಲ್ಲಿ ಬ್ಯಾಕ್ಟೀರಿಯಾ ಬೆಳೆದ ಕಲಕು ಕಾಣಲ್ಲ, ರೆಸಝುರಿನ್ ಬಣ್ಣ ಹಾಕಿ. ನೀಲಿ ಉಳಿದರೆ ಬೆಳವಣಿಗೆ ಇಲ್ಲ, ಗುಲಾಬಿ ಆದರೆ ಇದೆ. ಆದರೆ ಕೆಲವು ಸಾರಗಳು ಬ್ಯಾಕ್ಟೀರಿಯಾ ಇಲ್ಲದೆಯೂ ಬಣ್ಣ ಬದಲಿಸುತ್ತವೆ, ಅದಕ್ಕೆ ಬರೀ ಸಾರ ಮತ್ತು ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಇರುವ ಒಂದು ಸಾಲು ಬಿಡಿ. ಜೀವಕೋಶ ಬದುಕಿದೆಯೋ ಅಂತ ಬಣ್ಣದಿಂದ ನೋಡುವ ಎಂಟಿಟಿ ಟೆಸ್ಟಲ್ಲೂ ಇದೇ ಕಾಟ. ಡಿಎಂಎಸ್‌ಒ ಕೊನೆಯಲ್ಲಿ ಶೇ. 1 ದಾಟದಿರಲಿ. ಎಂಐಸಿ ಮಿ.ಲೀ.ಗೆ 1 ಮಿ.ಗ್ರಾಂ.ಗಿಂತ ಮೇಲೆ ಬಂದರೆ ಸುಮ್ನೆ ಆ ಗಿಡ ಬಿಡಿ. 100 ಮೈಕ್ರೋಗ್ರಾಂ ಕೆಳಗೆ ಬಂದರೆ ಫೋನ್ ಮಾಡಿ, ನಾನೇ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಕೊಡಿಸುತ್ತೇನೆ.

ತಂಗಡಿ ಅಂತಲೇ ಒಂದು ಮಾತು. ಅದರ ತೊಗಟೆಯಿಂದ ತೊಗಲು ಹದ ಮಾಡುತ್ತಿದ್ದರು ಅಲ್ವಾ? ಹದ ಮಾಡುವುದೇ ಟ್ಯಾನಿನ್. ಅದು ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಮುಂದೆ ಸಕ್ಕರೆ ಕಾಯಿಲೆ ಅಂತ ಅಮೈಲೇಸ್ (ಪಿಷ್ಟ ಅರಗಿಸುವ ಪ್ರೋಟೀನು) ತಡೆಯುವ ಟೆಸ್ಟ್ ಮಾಡಲು ಹೊರಟರೆ ಭರ್ಜರಿ ಫಲಿತಾಂಶ ಬರುತ್ತದೆ, ಹೊಟ್ಟೆಯೊಳಗೆ ಹಾಗೇ ಆಗುತ್ತದೆ ಅಂತ ನಂಬಬೇಡಿ. ಮೊದಲು ಟ್ಯಾನಿನ್ ಹೀರಿಕೊಳ್ಳುವ ಪಿವಿಪಿಪಿ ಪುಡಿಯಲ್ಲಿ ಅದನ್ನು ತೆಗೆದು ಮತ್ತೊಮ್ಮೆ ನೋಡಿ. ಹುಣಸೆ, ನೆಲ್ಲಿ, ಪುಂಡಿ ಮಾಡುವವರು ಪಿಎಚ್ (ಹುಳಿಯ ಅಳತೆ) ನೋಡಿ, ಬರೀ ಹುಳಿಗೇ ಝೋನ್ ಬರುತ್ತದೆ.

ಸಾಕ್ಸ್‌ಲೆಟ್ ಎಲ್ಲಾ ಗಿಡಕ್ಕೂ ಬೇಡ. ಕೆಳಗಿನ ಫ್ಲಾಸ್ಕಿನಲ್ಲಿ ಸಾರ ಗಂಟೆಗಟ್ಟಲೆ ಕುದಿಯುತ್ತಲೇ ಇರುತ್ತದೆ, ಬಿಸಿ ತಡೆಯದ ಅಂಶ ಸತ್ತೇ ಹೋಗುತ್ತದೆ. ಚೀನಾದ ತು ಯೂಯೂ ಮಲೇರಿಯಾ ಔಷಧ ಹುಡುಕುವಾಗ ಬಿಸಿಯಲ್ಲಿ ತೆಗೆದ ಸಾರ ಕೈಕೊಟ್ಟಿತು. ಹಳೇ ವೈದ್ಯಗ್ರಂಥದಲ್ಲಿ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತಿತ್ತು, ಕುದಿಸಿ ಅಂತಿರಲಿಲ್ಲ. 1971ರಲ್ಲಿ 35 ಡಿಗ್ರಿಗೇ ಕುದಿಯುವ ಈಥರ್ ಹಿಡಿದರು, ಆರ್ಟಿಮಿಸಿನಿನ್ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ನೀವು ಅರ್ಧ ಹೂವನ್ನು ತಣ್ಣಗೆ ನೆನೆಸಿ, ಅರ್ಧವನ್ನು ಸಾಕ್ಸ್‌ಲೆಟ್‌ಗೆ ಹಾಕಿ ಹೋಲಿಸಿ. ಹೂ ಒಣಗಿಸುವುದು ನೆರಳಲ್ಲೇ. ದುರ್ಗದ ಮಾರ್ಚ್ ಬಿಸಿಲಿಗೆ ತಾರಸಿ ಮೇಲೆ ಹರವಿದರೆ ಹಳದಿ ಹೋಗಿ ಹುಲ್ಲಾಗುತ್ತದೆ. ನಮ್ಮ ಕಡೆ ಬೋರ್ ನೀರು ಗಡಸು, ಅದರಲ್ಲಿ ಅಗರ್ ಕಲಸಬೇಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿಯಾದರೆ ಸೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಮೇಲೆ ಜೆಂಟಾಮೈಸಿನ್ ಝೋನ್ ಕುಗ್ಗುತ್ತದೆ. ಆಗ ನಿಮ್ಮ ಗಿಡ ಸುಮ್ಸುಮ್ನೆ ಗೆಲ್ಲುತ್ತದೆ.

ಕೊನೆಗೆ ಗಿಡದ ಗುರುತು. ನಿಮ್ಮ ಫೋಟೋ ಕೆಳಗೆ ಇನ್ನೊಬ್ಬರು ಕಿರುನೆಲ್ಲಿ ಮಾಡುತ್ತೇನೆ ಅಂದಿದ್ದಾರೆ. 1988ರಲ್ಲಿ ಮದ್ರಾಸಿನ ತಂಡ, ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದ ಬ್ಲಂಬರ್ಗ್ ಜೊತೆ ಸೇರಿ, ಹೆಪಟೈಟಿಸ್ ಬಿ ಇದ್ದವರಲ್ಲಿ ಕಿರುನೆಲ್ಲಿ ಕೆಲಸ ಮಾಡಿತು ಅಂತ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. ಆಮೇಲೆ ಬೇರೆ ಕಡೆ ಮಾಡಿದವರಿಗೆ ಆ ಫಲ ಸಿಗಲಿಲ್ಲ. ಮದ್ರಾಸಿನವರು ಬಳಸಿದ್ದು ಫಿಲಾಂಥಸ್ ಅಮಾರಸ್ ಅನ್ನುವ ಜಾತಿ. ನಮ್ಮಲ್ಲಿ ಸಿಗುವುದೂ ಹೆಚ್ಚಾಗಿ ಅದೇ, ಅದರ ಹತ್ತಿರದ ಜಾತಿಯಾದ ಫಿಲಾಂಥಸ್ ನಿರೂರಿ ಅಮೆರಿಕದ ಕಡೆಯದು. ಆದರೂ ಪೇಪರ್‌ಗಳಲ್ಲಿ ನಿರೂರಿ ಅಂತಲೇ ಬರೆಯುತ್ತಾರೆ. ಅಂಗಡಿಯ ಪುಡಿ ತಂದು ಯಾವ ಗಿಡ ಅಂತ ಹೇಗೆ ಹೇಳುತ್ತೀರಿ? ಕಿತ್ತ ದಿನವೇ ಹೂ, ಕಾಯಿ ಇರುವ ಕೊಂಬೆಯನ್ನು ಹಾಳೆಗೆ ಒತ್ತಿ, ಜಾಗ, ತಾರೀಖು ಬರೆದು ಬಾಟನಿ ವಿಭಾಗದ ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹ) ನಂಬರ್ ತಗೊಳ್ಳಿ. ಜೋಗಿಮಟ್ಟಿ ಒಳಗಿಂದ ತರುವುದಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ, ಅದು ವನ್ಯಧಾಮ. ತಂಗಡಿಗೆ ಅಷ್ಟು ದೂರ ಹೋಗುವುದೂ ಬೇಡ, ಹೊಲದ ಬದುವಿನಲ್ಲೇ ಬೇಕಾದಷ್ಟಿದೆ. ರಸ್ತೆ ಅಂಚಿನದು ಮಾತ್ರ ಕೀಳಬೇಡಿ, ಹೊಗೆ, ಧೂಳು ಎಲ್ಲಾ ಕೂತಿರುತ್ತದೆ.