ಲಸಿಕೆ ಪಡೆಯದ ಸಿಬ್ಬಂದಿಯ ಸಂಬಳ ತಡೆಯುವ ನಿಯಮವನ್ನು ಖಾಸಗಿ ಶಾಲೆ ಮಾಡಬಹುದೇ?

ಮತ್ತೊಂದು ಸಾಂಕ್ರಾಮಿಕ ಬಂದರೆ ಲಸಿಕೆ ಪಡೆಯದ ಸಿಬ್ಬಂದಿಯ ಸಂಬಳ ತಡೆಹಿಡಿಯುವ ನಿಯಮವೊಂದನ್ನು ನಿಮ್ಮ ಶಾಲೆಯ ಆಡಳಿತ ಮಂಡಳಿ ಈಗಲೇ ಸಿದ್ಧಪಡಿಸುತ್ತಿದೆ, ಕರಡು ಬರೆಯುವ ಕೆಲಸ ನಿಮ್ಮ ಪಾಲಿಗೆ ಬಂದಿದೆ ಎಂದಿದ್ದೀರಿ; ಲಸಿಕೆ ಕಡ್ಡಾಯವಾಗಿರಬೇಕೋ ಐಚ್ಛಿಕವಾಗಿರಬೇಕೋ ಎಂದೂ ಕೇಳಿದ್ದೀರಿ. ಕೋವಿಡ್ ಕಾಲದಲ್ಲಿ, 2021ರಲ್ಲಿ, ದಾವಣಗೆರೆ ಕಡೆಯ ಒಂದು ಅನುದಾನರಹಿತ ಶಾಲೆಯಲ್ಲಿ ಆಡಳಿತಾಧಿಕಾರಿಯಾಗಿದ್ದಾಗ ಇಂಥದ್ದೇ ಕರಡನ್ನು ನಾನು ಬರೆದಿದ್ದೆ.

ಆ ವರ್ಷ ಆಗಸ್ಟ್ 23ರಿಂದ 9 ಮತ್ತು 10ನೇ ತರಗತಿಗಳು, ಸೆಪ್ಟೆಂಬರ್ 6ರಂದು 6ರಿಂದ 8ನೇ ತರಗತಿಗಳು ಶುರುವಾದವು. 1ರಿಂದ 5ನೇ ತರಗತಿಗಳನ್ನು ಅಕ್ಟೋಬರ್ 25ರಿಂದ ತೆರೆಯಲು ಅನುಮತಿ ಕೊಟ್ಟ ರಾಜ್ಯ ಸರ್ಕಾರ, ಎರಡೂ ಡೋಸ್ ಪಡೆದ ಸಿಬ್ಬಂದಿಗೆ ಮಾತ್ರ ಪ್ರವೇಶ ಎಂದು ಮಾರ್ಗಸೂಚಿಯಲ್ಲಿ ತಿಳಿಸಿತು. ಶುಲ್ಕ ಸರಿಯಾಗಿ ಬಾರದೆ ಅರ್ಧ ಸಂಬಳದಲ್ಲಿ ದಿನ ದೂಡುತ್ತಿದ್ದ ಶಿಕ್ಷಕರಿಗೆ ಸರ್ಕಾರ ಕೊಟ್ಟ 5,000 ರೂಪಾಯಿಯ ಪರಿಹಾರವೇ ದೊಡ್ಡ ಆಸರೆಯಾಗಿದ್ದ ಕಾಲ ಅದು. ಪೋಷಕರು ಫೋನ್ ಮಾಡಿದರೆ ಪಾಠದ ವಿಚಾರ ಆಮೇಲೆ, ‘ಮಿಸ್‌ಗೆ ಎರಡೂ ಡೋಸ್ ಆಗಿದೆಯಾ?’ ಎಂಬ ಪ್ರಶ್ನೆ ಮೊದಲು. ಆ ಒತ್ತಡದಲ್ಲಿ ಮಂಡಳಿ ಹೇಳಿದಂತೆ ನಾನು ಸುತ್ತೋಲೆ ಬರೆದೆ: ಅಕ್ಟೋಬರ್ 25ರೊಳಗೆ ಎರಡು ಡೋಸಿನ ಪ್ರಮಾಣಪತ್ರ ಒಪ್ಪಿಸದವರು ಅಂದಿನಿಂದ ಸಂಬಳರಹಿತ ರಜೆಯ ಮೇಲಿರುತ್ತಾರೆ.

ಎಲ್ಲರೂ ಸಹಿ ಮಾಡಿ ಕೊಟ್ಟರು. ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಕಲಿಸುತ್ತಿದ್ದ ಶಿಕ್ಷಕಿಯೊಬ್ಬರ ಪ್ರತಿ ಮಾತ್ರ ಸಹಿಯಿಲ್ಲದೆ ನನ್ನ ಮೇಜಿಗೆ ಮರಳಿತು. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಸಾಲುಗಳಿದ್ದವು: ‘ಜೂನ್ 4, ನೆಗೆಟಿವ್. ಸೆಪ್ಟೆಂಬರ್ 4, ಮೊದಲ ಡೋಸ್. ನವೆಂಬರ್ 27, 84 ದಿನ.’ ನಾನು ಅದನ್ನು ಉದ್ಧಟತನವೆಂದು ತಿಳಿದು, ಒಂದು ಮಾತೂ ಕೇಳದೆ ಕಡತಕ್ಕೆ ಸೇರಿಸಿದೆ.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ಕರಡಿನಲ್ಲೂ ಅದೇ ಇದೆ. ಎರಡನೇ ಅಲೆಯಲ್ಲಿ ಆ ಶಿಕ್ಷಕಿಗೆ ಕೋವಿಡ್ ಬಂದಿತ್ತು. ಸೋಂಕಿನಿಂದ ಗುಣಮುಖರಾದವರು ಮೂರು ತಿಂಗಳು ಕಾದ ನಂತರವೇ ಲಸಿಕೆ ಪಡೆಯಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ ಮೇ 2021ರಲ್ಲಿ ತಿಳಿಸಿತ್ತು. ಅವರು ಕಾದರು. ಶಿಕ್ಷಕರ ದಿನಾಚರಣೆಗೆ ಮೊದಲೇ ಎಲ್ಲ ಶಿಕ್ಷಕರಿಗೂ ಲಸಿಕೆ ಸಿಗಲೆಂದು ಕೇಂದ್ರವು ರಾಜ್ಯಗಳಿಗೆ 2 ಕೋಟಿಗೂ ಹೆಚ್ಚು ಡೋಸ್‌ಗಳನ್ನು ಹೆಚ್ಚುವರಿಯಾಗಿ ಕೊಟ್ಟಾಗ, ಅವಧಿ ಮುಗಿದ ದಿನವೇ ಹೋಗಿ ಕೋವಿಶೀಲ್ಡ್ ಹಾಕಿಸಿಕೊಂಡರು. ಅದರ ಎರಡು ಡೋಸ್‌ಗಳ ನಡುವಿನ ಅಂತರವನ್ನು ಮೇ ತಿಂಗಳಲ್ಲೇ 12ರಿಂದ 16 ವಾರಗಳಿಗೆ ಹೆಚ್ಚಿಸಲಾಗಿತ್ತು. 84 ದಿನ ತುಂಬುವವರೆಗೆ ಲಸಿಕೆ ನೋಂದಣಿಯ ಸರ್ಕಾರಿ ಪೋರ್ಟಲ್ ಕೋವಿನ್ ಎರಡನೇ ಡೋಸಿಗೆ ದಾರಿಯನ್ನೇ ಬಿಡುತ್ತಿರಲಿಲ್ಲ. ಸರ್ಕಾರದ ಎಲ್ಲ ಸೂಚನೆಗಳನ್ನೂ ಪಾಲಿಸಿದ್ದವರನ್ನು ನಾನು ನಿಯಮ ಮೀರಿದವರ ಪಟ್ಟಿಗೆ ಸೇರಿಸಿದ್ದೆ.

ಅದಕ್ಕಿಂತ ಹೆಚ್ಚು ನೋಯಿಸುವ ಸಂಗತಿ ಇನ್ನೊಂದಿದೆ. ಆಗಸ್ಟ್‌ನಲ್ಲಿ ನಾನು ಅವರೊಡನೆ ಹತ್ತು ನಿಮಿಷ ಕುಳಿತು ಮಾತನಾಡಿದ್ದರೆ ಕೋವ್ಯಾಕ್ಸಿನ್ ಹಾಕಿಸಿಕೊಳ್ಳುವ ಸಲಹೆ ಕೊಡಬಹುದಿತ್ತು. ಅದರ ಅಂತರ 28 ದಿನ; ಅಕ್ಟೋಬರ್ 2ಕ್ಕೆ ಎರಡನೇ ಡೋಸ್ ಸಿಗುತ್ತಿತ್ತು. ಖಾಸಗಿ ಆಸ್ಪತ್ರೆಯಲ್ಲಿ ಒಂದು ಡೋಸಿಗೆ ಗರಿಷ್ಠ 1,410 ರೂಪಾಯಿ, ಅದನ್ನು ಶಾಲೆಯೇ ಭರಿಸಬಹುದಿತ್ತು. ನಾನು ಮಾಡಿದ್ದು ಹಾಜರಿ ಪುಸ್ತಕದಲ್ಲಿ ‘ಆಗಿದೆ’, ‘ಆಗಿಲ್ಲ’ ಎಂಬ ಎರಡು ಕಾಲಂ ಎಳೆದಿದ್ದಷ್ಟೇ. ಯಾವ ಲಸಿಕೆ, ಯಾವ ದಿನ, ಸೋಂಕು ಬಂದಿತ್ತೇ, ಗರ್ಭಿಣಿಯೇ, ಯಾವುದನ್ನೂ ಕೇಳಲಿಲ್ಲ. ಗರ್ಭಿಣಿಯರಿಗೆ ಲಸಿಕೆಯ ಅನುಮತಿ ಸಿಕ್ಕಿದ್ದೇ ಜುಲೈ 2021ರಲ್ಲಿ ಎಂಬುದೂ ನನಗೆ ಆಗ ಹೊಳೆದಿರಲಿಲ್ಲ.

ಅವರು ರಾಜೀನಾಮೆ ಕೊಟ್ಟು ಮನೆಯಲ್ಲೇ ಪಾಠ ಹೇಳತೊಡಗಿದರು. ಅವರ ಜಾಗಕ್ಕೆ ಬಂದವರು ನಿಲ್ಲಲಿಲ್ಲ. ಒಂದೂವರೆ ವರ್ಷ ಮೊಬೈಲ್ ಪರದೆಯಲ್ಲಿ ಭಾಗಾಕಾರ ಕಲಿತಿದ್ದ ಮಕ್ಕಳಿಗೆ, ಅದನ್ನು ಮತ್ತೆ ಮೊದಲಿನಿಂದ ಹೇಳಿಕೊಡಬಲ್ಲವರೇ ಇಲ್ಲವಾದರು.

ಸರ್ಕಾರದ ಮಾರ್ಗಸೂಚಿ ಹೇಳಿದ್ದು ಶಾಲೆಯೊಳಗಿನ ಪ್ರವೇಶದ ಬಗ್ಗೆ. ಸಂಬಳ ತಡೆಯಿರಿ ಎಂದು ಅದು ಎಲ್ಲೂ ಹೇಳಿರಲಿಲ್ಲ. ಗೇಟಿನ ನಿಯಮವನ್ನು ಸಂಬಳದ ನಿಯಮವಾಗಿ ಮಾಡಿದವರು ನಾವು. ನವೆಂಬರ್ ಕೊನೆಯವರೆಗೆ ಅವರು ಮನೆಯಿಂದಲೇ ಆನ್‌ಲೈನ್ ಪಾಠ ಮುಂದುವರಿಸಿದ್ದರೆ ಮಾರ್ಗಸೂಚಿಗೆ ಯಾವ ಭಂಗವೂ ಬರುತ್ತಿರಲಿಲ್ಲ.

ಆದ್ದರಿಂದ ‘ಕಡ್ಡಾಯವೋ ಐಚ್ಛಿಕವೋ’ ಎಂಬ ನಿಮ್ಮ ಪ್ರಶ್ನೆಯೇ ನನಗೆ ಸರಿಯೆನಿಸುವುದಿಲ್ಲ. ಅದರ ಹಿಂದೆ, ಲಸಿಕೆ ಪಡೆಯದವರೆಲ್ಲ ಲಸಿಕೆಯ ವಿರೋಧಿಗಳು ಎಂಬ ಎಣಿಕೆಯಿದೆ. ನಮ್ಮ ಶಾಲೆಯಲ್ಲಿ ಅಂಥವರು ಒಬ್ಬರೂ ಇರಲಿಲ್ಲ. ಶಿಶುವಿಹಾರದ ಆಯಾ ಒಬ್ಬರು ಮೊದಲ ಡೋಸನ್ನೇ ಪಡೆದಿರಲಿಲ್ಲ. ಅವರ ಅಣ್ಣ ಏಪ್ರಿಲ್‌ನಲ್ಲಿ ಚುಚ್ಚುಮದ್ದು ಹಾಕಿಸಿಕೊಂಡ ಕೆಲವೇ ದಿನಗಳಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದರು. ಈ ಆಯಾ ಬಳಿ ಫೋನ್ ಕೂಡ ಇರಲಿಲ್ಲ. ಮುಖ್ಯ ಶಿಕ್ಷಕಿ ಆ ಬೀದಿಯ ಆಶಾ ಕಾರ್ಯಕರ್ತೆಯನ್ನು ಕರೆಸಿ, ಲಸಿಕೆಯ ರಕ್ಷಣೆ ದೇಹದಲ್ಲಿ ಕೂಡಿಕೊಳ್ಳಲು ವಾರಗಳೇ ಬೇಕು, ಅಷ್ಟರೊಳಗೆ ಅಣ್ಣನಿಗೆ ಸೋಂಕು ತಗುಲಿತ್ತು ಎಂಬುದನ್ನು ತಾಳ್ಮೆಯಿಂದ ತಿಳಿಸಿ ಹೇಳಿಸಿದರು. ಕೋವಿನ್‌ನಲ್ಲಿ ಒಂದು ನಂಬರಿಗೆ ನಾಲ್ವರ ಹೆಸರು ಸೇರಿಸಲು ಅವಕಾಶವಿದ್ದುದರಿಂದ ತಮ್ಮ ನಂಬರಿನಲ್ಲೇ ನೋಂದಾಯಿಸಿ, ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೋದರು. ಒಂದು ವಯಲ್ ತೆರೆದರೆ ಹತ್ತು ಡೋಸನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕಾದ್ದರಿಂದ, ಹತ್ತು ಜನ ಕೂಡುವವರೆಗೆ ಇಬ್ಬರೂ ಬೆಂಚಿನ ಮೇಲೆ ಕಾದರು. ನನ್ನ ಸುತ್ತೋಲೆಗೆ ಬಗ್ಗದ ಭಯ ಆ ಮಧ್ಯಾಹ್ನ ಕರಗಿತು.

ಕಾನೂನಿನ ಮಾತನ್ನೂ ನಿಮ್ಮ ಮಂಡಳಿಗೆ ಹೇಳಿ. 2022ರ ಮೇ 2ರಂದು, ಕಡ್ಡಾಯ ಲಸಿಕೆಯನ್ನು ಪ್ರಶ್ನಿಸಿದ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಪ್ರಕಾರ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಕೆಲವು ಮಿತಿಗಳನ್ನು ಹೇರಬಹುದು, ಆದರೆ ಅವು ಪರಿಸ್ಥಿತಿಗೆ ತಕ್ಕ ಪ್ರಮಾಣದಲ್ಲಿರಬೇಕು ಎಂದ ನ್ಯಾಯಾಲಯ, ಅಂಥ ನಿರ್ಬಂಧಗಳನ್ನು ಮರುಪರಿಶೀಲಿಸುವಂತೆ ಖಾಸಗಿ ಸಂಸ್ಥೆಗಳಿಗೂ ಶಿಕ್ಷಣ ಸಂಸ್ಥೆಗಳಿಗೂ ಸೂಚಿಸಿತು. ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಸೆಕ್ಷನ್ನನ್ನೂ ಓದಿಕೊಳ್ಳಿ. ವಿಚಾರಣೆಯಿಲ್ಲದೆ ಸಿಬ್ಬಂದಿಯನ್ನು ತೆಗೆದುಹಾಕುವುದನ್ನು ಅದು ತಡೆಯುತ್ತದೆ.

ಲಸಿಕೆ ಬೇಕೇ ಬೇಕು ಎನ್ನುವವನು ನಾನು, ಚಿಕ್ಕ ಮಕ್ಕಳ ನಡುವೆ ಕೆಲಸ ಮಾಡುವವರಿಗಂತೂ ಖಂಡಿತ ಬೇಕು. ಆದರೆ ಕರಡಿನ ಮೊದಲ ಪುಟದಲ್ಲಿ ಗಡುವಿನ ದಿನಾಂಕ ಬೇಡ. ಪ್ರತಿಯೊಬ್ಬ ಸಿಬ್ಬಂದಿಯೊಡನೆ, ಚಾಲಕರು ಮತ್ತು ಆಯಾಗಳನ್ನೂ ಸೇರಿಸಿ, ಖಾಸಗಿಯಾಗಿ ಮಾತನಾಡಿ ಅವರವರ ದಿನಾಂಕ ನಿಗದಿಪಡಿಸಬೇಕಾದವರು ಯಾರು ಎಂಬುದು ಅಲ್ಲಿರಲಿ. ಸಂಬಳದ ವಾಕ್ಯವನ್ನು ಪೂರ್ತಿ ತೆಗೆದು, ಲಸಿಕೆಯ ಖರ್ಚು ಶಾಲೆಯದು, ನಂತರ ಜ್ವರ ಬಂದರೆ ಸಂಬಳಸಹಿತ ರಜೆ, ಡೋಸ್ ಪೂರ್ಣವಾಗುವವರೆಗೆ ಮನೆಯಿಂದ ಮಾಡಬಹುದಾದ ಕೆಲಸ ಎಂದು ಬರೆಯಿರಿ. ಮಂಡಳಿ ಇದಕ್ಕೆ ಒಪ್ಪದಿದ್ದರೆ ಕರಡನ್ನು ಅವರೇ ಬರೆದುಕೊಳ್ಳಲಿ, ನೀವು ಬರೆದುಕೊಡಬೇಡಿ.