ಕೃಷ್ಣ ಭವನ ಇಲ್ಲ, ಅವರೆ ಮೇಳ ಸಿಗಬಹುದು
ಜನವರಿ ಮೊದಲ ವಾರ ಅಪ್ಪ-ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬರುತ್ತೇನೆ, ಮಲ್ಲೇಶ್ವರದ ನ್ಯೂ ಕೃಷ್ಣ ಭವನ ಇದೆಯಾ, ಅವರೆ ಮೇಳ ಸಿಗುತ್ತಾ ಎಂದು ಕೇಳಿದ್ದೀರಿ. ಕೃಷ್ಣ ಭವನ ಇಲ್ಲ ಸರ್. 1954ರ ಹೋಟೆಲ್, 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಆ ಗ್ರೀನ್ ಮಸಾಲ ಇಡ್ಲಿ ಇನ್ನೆಲ್ಲಿ ಬಿಡಿ! ಬೆಣ್ಣೆ ಮಸಾಲೆ ದೋಸೆಗಾದರೆ ಅಲ್ಲೇ ಸಿಟಿಆರ್ (ಸೆಂಟ್ರಲ್ ಟಿಫಿನ್ ರೂಮ್) ಹೋಟೆಲ್ ಇದೆ. ಬೋರ್ಡಿನಲ್ಲಿ ಶ್ರೀ ಸಾಗರ್ ಅಂತಿದ್ದರೆ ಗಾಬರಿ ಬೇಡ, ಅದೇ ಇದು. ಭಾನುವಾರ ಬೆಳಿಗ್ಗೆ ಮಾತ್ರ ಹೋಗಬೇಡಿ, ಹಿರಿಯರು ನಿಂತು ನಿಂತು ಸುಸ್ತಾಗುತ್ತಾರೆ.

ಅವರೆಕಾಯಿ ತಿಂಡಿಗಳ ಈ ಮೇಳ ಸಾಮಾನ್ಯವಾಗಿ ಡಿಸೆಂಬರ್ ಕೊನೆ, ಜನವರಿ ಶುರುವಿನಲ್ಲೇ ನಡೆಯುವುದು. ಮೊದಲು ಸಜ್ಜನ್ ರಾವ್ ಸರ್ಕಲ್ ಹತ್ತಿರ ಇತ್ತು, ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ತಾರೀಕು ಖಾತ್ರಿ ಮಾಡಿಕೊಂಡೇ ಟಿಕೆಟ್ ಮಾಡಿಸಿ. ಅವರೆ ಜಿಲೇಬಿ ಸುಮ್ನೆ ಕುತೂಹಲಕ್ಕೆ ಸಾಕು. ಹಿತಕಿದ ಬೇಳೆ ದೋಸೆ ಬಿಡಬೇಡಿ.