‘ಎನ್ನಲಾಗಿದೆ’ ಎಂದವರು ಯಾರು?

ಪ್ರಿಯ ಲೇಖಕರೇ,

ನೀವು ಕಳುಹಿಸಿದ ‘ಯುದ್ಧಕ್ಕೆ ಮುಂಚಿನ ನಂಟು’ ಲೇಖನವನ್ನು ಎರಡು ಸಲ ಓದಿದೆ. 2003ರ ಮಾರ್ಚಿನಲ್ಲಿ ಅಮೆರಿಕ ಇರಾಕಿನ ಮೇಲೆ ಯುದ್ಧಕ್ಕೆ ಇಳಿಯುವ ಮೊದಲು, ಸದ್ದಾಂ ಹುಸೇನನ ಆಡಳಿತಕ್ಕೂ ಅಲ್ ಖೈದಾಗೂ ಸಂಬಂಧ ಇತ್ತೇ ಎಂಬ ಬಗ್ಗೆ ನಡೆದ ವಾದವನ್ನು ಹದಿನಾಲ್ಕು ಪುಟಗಳಲ್ಲಿ ಹೇಳಿದ್ದೀರಿ. ನಿಮ್ಮ ಓದು ವಿಸ್ತಾರವಾಗಿದೆ, ಇಸವಿಗಳು ಸರಿಯಾಗಿವೆ. 2003ರ ಏಪ್ರಿಲ್ 8ರಂದು ಈ ಯುದ್ಧದ ವಿರುದ್ಧ ನಮ್ಮ ಲೋಕಸಭೆ ಅಂಗೀಕರಿಸಿದ ನಿರ್ಣಯದಲ್ಲಿ ಹಿಂದಿಯ ‘ನಿಂದಾ’ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಮೆತ್ತಗಾದದ್ದನ್ನು ಕೊನೆಯ ಪುಟದಲ್ಲಿ ಗುರುತಿಸಿದ್ದೀರಲ್ಲ, ಅದು ಚೆನ್ನಾಗಿದೆ. ಮಾತಿನ ತೂಕ ಬಲ್ಲವರು ನೀವು ಎಂದು ಆ ಪುಟದಿಂದ ತಿಳಿಯಿತು. ಉಳಿದ ಹದಿಮೂರು ಪುಟಗಳ ಮೇಲೆ ನನಗೆ ಸಿಟ್ಟು ಬಂದದ್ದೂ ಅದೇ ಕಾರಣಕ್ಕೆ.

‘ಎನ್ನಲಾಗಿದೆ’, ‘ಹೇಳಲಾಗುತ್ತಿತ್ತು’, ‘ನಂಬಲಾಗಿತ್ತು’, ‘ಶಂಕಿಸಲಾಗಿತ್ತು’. ಇವುಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತ ಹೋದೆ, ನಲವತ್ತೊಂದು ಸುತ್ತುಗಳಾದವು. ಬೇರೆ ವಿಷಯದ ಲೇಖನವಾಗಿದ್ದರೆ ಪತ್ರಿಕೆಯ ಭಾಷೆ ಅಂಟಿಕೊಂಡಿದೆ ಎಂದು ತಿದ್ದಿ ಸುಮ್ಮನಾಗುತ್ತಿದ್ದೆ. ಆದರೆ ಈ ವಾದದ ತಿರುಳೇ ಯಾರು, ಯಾವಾಗ, ಯಾವ ಆಧಾರದ ಮೇಲೆ ಹೇಳಿದರು ಎಂಬುದರಲ್ಲಿದೆ. ನೀವು ಅದನ್ನೇ ಕ್ರಿಯಾಪದದ ಬಾಲದೊಳಗೆ ಬಚ್ಚಿಟ್ಟಿದ್ದೀರಿ.

ನಿಮ್ಮ ಮೂರನೆಯ ಪುಟದ ಮೊದಲ ವಾಕ್ಯವನ್ನೇ ನೋಡೋಣ: ‘ಮೊಹಮ್ಮದ್ ಅಟ್ಟಾ ಪ್ರಾಗ್ ನಗರದಲ್ಲಿ ಇರಾಕಿನ ಗುಪ್ತಚರ ಅಧಿಕಾರಿಯನ್ನು ಭೇಟಿಯಾಗಿದ್ದ ಎನ್ನಲಾಗಿದ್ದು, ನಂತರ ಇದನ್ನು ಅಲ್ಲಗಳೆಯಲಾಯಿತು.’ ಎಂದವರೂ ಇಲ್ಲ, ಅಲ್ಲಗಳೆದವರೂ ಇಲ್ಲ. ಜೆಕ್ ಗುಪ್ತಚರರಿಗೆ ಇದನ್ನು ಹೇಳಿದವನು ಒಬ್ಬನೇ ಒಬ್ಬ ಮಾಹಿತಿದಾರ. ಅದೂ 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ಅಲ್ ಖೈದಾ ನಡೆಸಿದ ದಾಳಿಯ ನಂತರ, ವಿಮಾನ ಅಪಹರಿಸಿದವರ ಮುಂದಾಳಾದ ಅಟ್ಟಾನ ಚಿತ್ರ ಎಲ್ಲೆಡೆ ಪ್ರಕಟವಾದ ಮೇಲೆ. ಆ ಮಾತನ್ನು ಎತ್ತಿಕೊಂಡು, ಭೇಟಿ ಹೆಚ್ಚುಕಡಿಮೆ ಖಚಿತವಾಗಿದೆ ಎಂದು 2001ರ ಡಿಸೆಂಬರ್ 9ರಂದು ಟಿವಿಯಲ್ಲಿ ಹೇಳಿದವರು ಅಮೆರಿಕದ ಉಪಾಧ್ಯಕ್ಷ ಡಿಕ್ ಚೆನಿ. ಭೇಟಿ ನಡೆಯಿತೆಂದು ಹೇಳಿದ ದಿನ 2001ರ ಏಪ್ರಿಲ್ 9. ದಾಳಿಯ ತನಿಖಾ ಆಯೋಗ 2004ರಲ್ಲಿ ಕೊಟ್ಟ ವರದಿಯ ಪ್ರಕಾರ, ಏಪ್ರಿಲ್ 4ರಂದು ಅಟ್ಟಾ ವರ್ಜೀನಿಯಾ ಬೀಚಿನ ಬ್ಯಾಂಕೊಂದರ ಕ್ಯಾಮೆರಾದಲ್ಲಿ ಸಿಕ್ಕಿದ್ದ, 6, 9, 10 ಮತ್ತು 11ರಂದು ಅವನ ಮೊಬೈಲಿನಿಂದ ಫ್ಲಾರಿಡಾದಲ್ಲಿ ಕರೆಗಳು ಹೋಗಿದ್ದವು. ಮೊಬೈಲನ್ನು ಬೇರೆಯವರೂ ಬಳಸಿರಬಹುದು ಎಂದು ನೀವು ಕೇಳಬಹುದು. ಆಯೋಗಕ್ಕೂ ಅದು ಗೊತ್ತಿತ್ತು. ಭೇಟಿ ಸುತರಾಂ ಸಾಧ್ಯವೇ ಇರಲಿಲ್ಲ ಎಂದು ಅದು ಬರೆಯಲಿಲ್ಲ, ನಡೆಯಿತು ಎನ್ನುವುದಕ್ಕೆ ಪುರಾವೆ ಇಲ್ಲ ಎಂದು ಬರೆಯಿತು. ನಿಮ್ಮ ‘ಅಲ್ಲಗಳೆಯಲಾಯಿತು’ ಈ ಎಚ್ಚರವನ್ನೂ ನುಂಗಿಹಾಕಿದೆ.

ಆರನೆಯ ಪುಟದ ವಾಕ್ಯ ಇನ್ನೂ ಕೆಟ್ಟದ್ದು: ‘ಅಲ್ ಖೈದಾ ಸದಸ್ಯರಿಗೆ ಇರಾಕ್ ರಾಸಾಯನಿಕ ಅಸ್ತ್ರಗಳ ತರಬೇತಿ ನೀಡಿದ್ದ ಬಗ್ಗೆ ಮಾಹಿತಿ ಲಭ್ಯವಾಗಿತ್ತು.’ ಲಭ್ಯವಾಗುವುದಕ್ಕೆ ಅದೇನು ರೇಷನ್ ಅಂಗಡಿಯ ಸಕ್ಕರೆಯೇ? ಆ ಮಾತು ಹೊರಟದ್ದು ಇಬ್ನ್ ಅಲ್ ಶೇಖ್ ಅಲ್ ಲಿಬಿ ಎಂಬ ಕೈದಿಯ ಬಾಯಿಂದ. ಅಮೆರಿಕ ಅವನನ್ನು ಈಜಿಪ್ಟಿನ ವಶಕ್ಕೆ ಕೊಟ್ಟಿತ್ತು. ಅವನು ಬೇಕೆಂದೇ ದಾರಿ ತಪ್ಪಿಸುತ್ತಿರಬಹುದು ಎಂದು ಅಮೆರಿಕದ ರಕ್ಷಣಾ ಇಲಾಖೆಯ ಬೇಹುಗಾರಿಕೆ ಸಂಸ್ಥೆಯೇ 2002ರ ಫೆಬ್ರವರಿಯಲ್ಲಿ ಬರೆದಿತ್ತು. ಆದರೂ ಆ ವರ್ಷದ ಅಕ್ಟೋಬರ್ 7ರಂದು ಸಿನ್ಸಿನಾಟಿಯಲ್ಲಿ ಅಧ್ಯಕ್ಷ ಬುಷ್ ಅದನ್ನು ತಿಳಿದುಬಂದ ಸಂಗತಿಯೆಂದೇ ಹೇಳಿದರು. ಮುಂದೆ ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಕೈದಿಯ ಹೆಸರು ಹೇಳದೆ ಅದನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದಿಟ್ಟರು. ಹಿಂಸೆಯಿಂದ ಪಾರಾಗಲು ಕಟ್ಟಿದ ಕಥೆ ಅದು ಎಂದು ಲಿಬಿ ಹೇಳಿ, ಸಿಐಎ ಆ ವರದಿಗಳನ್ನು ಹಿಂತೆಗೆದುಕೊಳ್ಳುವಾಗ 2004 ಬಂದಿತ್ತು. ಒಂದು ಕೋಣೆ, ಒಬ್ಬ ಕೈದಿ, ಅವನ ಎದುರು ಕುಳಿತವರು: ಇಷ್ಟೆಲ್ಲ ‘ಲಭ್ಯವಾಗಿತ್ತು’ ಎಂಬ ಒಂದು ಮಾತಿನ ಕೆಳಗೆ ಹೂತುಹೋಗಿದೆ.

ಇನ್ನು ನಿಮ್ಮ ಶೀರ್ಷಿಕೆಯ ‘ನಂಟು’. ನಂಟು ಎಂದರೆ ಹೆಣ್ಣು ಕೊಟ್ಟು ತಂದು ಬೆಳೆದ ಸಂಬಂಧ, ಅದರಿಂದಲೇ ನಂಟರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದು ಎದ್ದುಹೋದರೆ ಅದನ್ನು ಯಾರೂ ನಂಟು ಎನ್ನುವುದಿಲ್ಲ. ಬಿನ್ ಲಾಡೆನ್ ಸೂಡಾನಿನಲ್ಲಿದ್ದಾಗ, 1994ರ ಕೊನೆ ಅಥವಾ 1995ರ ಆರಂಭದಲ್ಲಿ, ಇರಾಕಿನ ಗುಪ್ತಚರ ಅಧಿಕಾರಿಯೊಬ್ಬನನ್ನು ಕಂಡು ತರಬೇತಿ ಶಿಬಿರಗಳಿಗೆ ಜಾಗವನ್ನೂ ಶಸ್ತ್ರಾಸ್ತ್ರಗಳಿಗೆ ನೆರವನ್ನೂ ಕೇಳಿದನೆಂದು ಆಯೋಗ ದಾಖಲಿಸಿದೆ. ಇರಾಕ್ ಅದಕ್ಕೆ ಸ್ಪಂದಿಸಿತು ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಸಿಐಎ ಮುಖ್ಯಸ್ಥ ಜಾರ್ಜ್ ಟೆನೆಟ್ 2002ರ ಅಕ್ಟೋಬರಿನಲ್ಲಿ ಸೆನೆಟಿಗೆ ಬರೆದ ಪತ್ರದಲ್ಲಿ ಹತ್ತು ವರ್ಷಗಳ ‘ಸಂಪರ್ಕ’ಗಳ ಮಾತಿದೆ. ಸಂಪರ್ಕ, ಆಶ್ರಯ, ನೆರವು, ಜೊತೆಗೂಡಿ ನಡೆಸಿದ ಕಾರ್ಯಾಚರಣೆ, ಇವು ನಾಲ್ಕು ಬೇರೆ ಬೇರೆ ಸಂಗತಿಗಳು. ಮೊದಲನೆಯದನ್ನು ತೋರಿಸಿ ನಾಲ್ಕನೆಯದನ್ನು ನಂಬಿಸಲು ನೋಡಿದ್ದರಿಂದಲೇ ಈ ಜಗಳ ಹುಟ್ಟಿತು. ನಾಲ್ಕಕ್ಕೂ ‘ನಂಟು’ ಎಂದು ಬರೆದರೆ, ನೀವು ವಿವರಿಸಹೊರಟ ಮೋಸವನ್ನು ನೀವೇ ಮತ್ತೆ ಮಾಡಿದಂತೆ.

ನಿಮ್ಮ ಒಲವು ಯುದ್ಧದ ವಿರುದ್ಧ ಇದೆ, ನನ್ನದೂ ಅಷ್ಟೆ. ಆದರೆ ಅದೇ ಪದ ನಿಮ್ಮನ್ನು ಇನ್ನೊಂದು ದಿಕ್ಕಿಗೂ ಜಾರಿಸಿದೆ. ಹನ್ನೊಂದನೆಯ ಪುಟದಲ್ಲಿ ‘ಸದ್ದಾಂಗೆ ಭಯೋತ್ಪಾದಕರೊಂದಿಗೆ ಯಾವ ನಂಟೂ ಇರಲಿಲ್ಲ ಎಂದು ಸಾಬೀತಾಗಿದೆ’ ಎಂದಿದ್ದೀರಿ. ಹಾಗೆ ಸಾಬೀತಾಗಿಲ್ಲ. ಪ್ಯಾಲೆಸ್ತೀನಿ ಭಯೋತ್ಪಾದಕ ಗುಂಪೊಂದರ ನಾಯಕ ಅಬು ನಿದಾಲ್ 2002ರ ಆಗಸ್ಟಿನಲ್ಲಿ ಸತ್ತದ್ದು ಬಾಗ್ದಾದಿನಲ್ಲಿ. ಪ್ಯಾಲೆಸ್ತೀನಿ ಆತ್ಮಾಹುತಿ ದಾಳಿಕೋರರ ಕುಟುಂಬಗಳಿಗೆ ಸದ್ದಾಂ 25,000 ಡಾಲರ್‌ವರೆಗೆ ಕೊಡುತ್ತಿದ್ದ. ಅಲ್ ಖೈದಾದೊಂದಿಗೆ ಕೂಡಿ ಕೆಲಸ ಮಾಡಿದ್ದಕ್ಕೆ ಪುರಾವೆ ಇಲ್ಲ ಎನ್ನುವುದು ಒಂದು ಮಾತು, ಅವನು ಭಯೋತ್ಪಾದಕರ ಹತ್ತಿರವೇ ಸುಳಿದವನಲ್ಲ ಎನ್ನುವುದು ಬೇರೆಯೇ ಮಾತು. ಸದ್ದಾಂಗೂ ಅಲ್ ಖೈದಾಗೂ ನಡುವಿನ ಕೊಂಡಿಯೆಂದು ಪೊವೆಲ್ ಹೆಸರಿಸಿದ ಜೋರ್ಡಾನಿನ ಉಗ್ರ ಜರ್ಕಾವಿಯ ವಿಷಯದಲ್ಲೂ ಇದೇ ಗೊಂದಲವಿದೆ. ಅವನು ಬಿನ್ ಲಾಡೆನ್‌ಗೆ ನಿಷ್ಠೆ ಸಾರಿದ್ದು 2004ರಲ್ಲಿ. ಅವನ ಜಾಲದ್ದೆಂದು ಪೊವೆಲ್ ತೋರಿಸಿದ ಶಿಬಿರ ಇದ್ದದ್ದು ಸದ್ದಾಂನ ಹಿಡಿತಕ್ಕೆ ಸಿಗದ ಉತ್ತರದ ಕುರ್ದಿಶ್ ಪ್ರದೇಶದಲ್ಲಿ. ಈ ಎರಡು ಸಂಗತಿಗಳನ್ನು ಸೇರಿಸಿ ಆ ಪ್ಯಾರಾ ಬರೆಯಿರಿ.

ಇಷ್ಟು ಕಟುವಾಗಿ ಬರೆಯಲು ನನ್ನದೇ ಒಂದು ಕಾರಣವಿದೆ. 2003ರ ಫೆಬ್ರವರಿ 5ರಂದು ಭದ್ರತಾ ಮಂಡಳಿಯಲ್ಲಿ ಪೊವೆಲ್ ಮಾತಾಡಿದಾಗ ನಾನು ಒಂದು ದಿನಪತ್ರಿಕೆಯ ರಾತ್ರಿ ಪಾಳಿಯಲ್ಲಿ ತರಬೇತಿಯಲ್ಲಿದ್ದೆ. ನ್ಯೂಯಾರ್ಕಿನ ಬೆಳಗ್ಗೆ ಹತ್ತೂವರೆ ನಮಗೆ ರಾತ್ರಿ ಒಂಬತ್ತು; ಭಾಷಣ ಮುಗಿಯುವಾಗ ಹತ್ತು ದಾಟಿತ್ತು, ಜಿಲ್ಲಾ ಆವೃತ್ತಿಯ ಪುಟ ಕಾಯುತ್ತಿತ್ತು. ಏಜೆನ್ಸಿಯ ಸುದ್ದಿಯನ್ನು ತುಂಡುತುಂಡಾಗಿ ಕನ್ನಡಕ್ಕೆ ತರುತ್ತ, ಅವಸರದಲ್ಲಿ ‘ಸದ್ದಾಂ–ಲಾಡೆನ್ ನಂಟು ಬಯಲು’ ಎಂದು ತಲೆಬರಹ ಕೊಟ್ಟೆ. ಪುಟ ಹೋಯಿತು. ಊಟ ಮುಗಿಸಿ ಬಂದ ಮುಖ್ಯ ಉಪಸಂಪಾದಕರು ಪ್ರೂಫ್ ನೋಡಿ, ‘ಬಯಲು ಮಾಡಿದವನು ಯಾರಪ್ಪ, ನೀನಾ?’ ಎಂದು ಕೇಳಿದರು. ನಗರ ಆವೃತ್ತಿಯಲ್ಲಿ ಅದು ‘ಪೊವೆಲ್ ಆರೋಪ’ ಎಂದಾಯಿತು. ನಮ್ಮೂರಿಗೆ ಬರುತ್ತಿದ್ದದ್ದು ಜಿಲ್ಲಾ ಆವೃತ್ತಿ. ಮರುದಿನ ಅಪ್ಪ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ‘ಎಲ್ಲಾ ಗೊತ್ತಾಯ್ತಂತಲ್ಲ, ಇನ್ನು ಯುದ್ಧ ಮಾಡೋದೇ ಸರಿ ಬಿಡು’ ಎಂದರು. ಅದನ್ನು ಬರೆದವನು ನಾನು ಎಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಆ ವರ್ಷದ ಆಗಸ್ಟಿನಲ್ಲಿ ವಾಷಿಂಗ್ಟನ್ ಪೋಸ್ಟ್ ನಡೆಸಿದ ಸಮೀಕ್ಷೆಯಲ್ಲಿ ಅಮೆರಿಕನ್ನರ ಪೈಕಿ 69 ಶೇಕಡಾ ಮಂದಿ, ಸೆಪ್ಟೆಂಬರ್ 11ರ ದಾಳಿಯಲ್ಲಿ ಸದ್ದಾಂನ ಕೈವಾಡ ಇದ್ದಿರಬಹುದು ಎಂದಿದ್ದರು. ಅದಕ್ಕೆ ಪುರಾವೆ ಇಲ್ಲ ಎಂದು ಬುಷ್ ಸ್ವತಃ ಹೇಳಿದ್ದು ಸೆಪ್ಟೆಂಬರ್ 17ರಂದು, ಯುದ್ಧ ಶುರುವಾಗಿ ಆರು ತಿಂಗಳಿಗೆ. ಆ ಸುದ್ದಿಯನ್ನು ನಾವು ಒಳಪುಟದಲ್ಲಿ ಒಂದು ಕಾಲಮ್ಮಿನಲ್ಲಿ ಹಾಕಿದೆವು.

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ, ತಿರಸ್ಕರಿಸುತ್ತಿಲ್ಲ. ನಲವತ್ತೊಂದು ಸುತ್ತುಗಳಲ್ಲೂ ಕರ್ತೃಪದ ತುಂಬಿ. ಹೆಸರು ಸಿಗದ ಕಡೆ ವಾಕ್ಯವನ್ನೇ ತೆಗೆಯಿರಿ. ಪುಟಗಳು ಎಂಟಕ್ಕೆ ಇಳಿದರೂ ಚಿಂತೆಯಿಲ್ಲ. ಶೀರ್ಷಿಕೆಯನ್ನು ಕೊನೆಯಲ್ಲಿ ಯೋಚಿಸೋಣ. ಅಂದ ಹಾಗೆ ಅಟ್ಟಾನ ಹೆಸರನ್ನು ಮೂರು ಬಗೆಯಲ್ಲಿ ಬರೆದಿದ್ದೀರಿ, ಒಂದನ್ನು ಉಳಿಸಿಕೊಳ್ಳಿ.

ಇಂತಿ,
ಸಂಪಾದಕ